ಹಳೆ ಅಚ್ಚಿನ 1/72 ವ್ಯಾಂಪೈರ್ ಕಿಟ್: ಮೈಸೂರಿನಲ್ಲಿ ಸಿಗುವ ಸಾಮಾನಿನಿಂದ ಕಟ್ಟುವವರಿಗೆ

ಡೀಕಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತಿನ ಹಾಳೆ) ನಂಬಿಕೊಂಡು ಈ ಕಿಟ್ ಕೊಳ್ಳಬೇಡಿ. ಪ್ಲಾಸ್ಟಿಕ್ ನಂಬಿ ಧೈರ್ಯವಾಗಿ ಕೊಳ್ಳಿ. ಇಲ್ಲಿ ನೋಡುತ್ತಿರುವುದು ಇಂಗ್ಲೆಂಡಿನ ಫ್ರಾಗ್ ಕಂಪನಿಯ ಅಚ್ಚಿನ ಡಿ ಹ್ಯಾವಿಲೆಂಡ್ ವ್ಯಾಂಪೈರ್ ಎಫ್‌ಬಿ 5 ಯುದ್ಧವಿಮಾನದ ಪ್ಲಾಸ್ಟಿಕ್ ಮಾಡೆಲ್, ಅಸಲಿಯ 72ನೇ ಒಂದರಷ್ಟು ಅಳತೆಯದು. 1970ರ ದಶಕದಲ್ಲಿ ಫ್ರಾಗ್ ನಿಂತುಹೋದ ಮೇಲೆ ಅದರ ಬಹಳಷ್ಟು ಅಚ್ಚುಗಳು ಸೋವಿಯತ್ ಒಕ್ಕೂಟಕ್ಕೆ ಹೋಗಿ ನೋವೋ ಹೆಸರಿನಲ್ಲಿ ಮಾರಾಟಕ್ಕೆ ಬಂದವು. ಈಗ ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್, ಹೆಚ್ಚಾಗಿ ಪೆಟ್ಟಿಗೆ ಹರಿದದ್ದು ಅಥವಾ ಪೆಟ್ಟಿಗೆಯೇ ಇಲ್ಲದೆ ಚೀಲದಲ್ಲಿ ಬರುವಂಥದ್ದು. ಮುಂದೆ ಹೇಳುವ ಕೆಲಸವೆಲ್ಲ ಆ ಕಾಲದ ಬೇರೆ ವ್ಯಾಂಪೈರ್ ಕಿಟ್‌ಗಳಿಗೂ ಹೊಂದುತ್ತದೆ.

ನಮ್ಮ ಕಡೆಯವರಿಗೆ ಈ ವಿಮಾನ ಯಾಕೆ ಮುಖ್ಯ ಅಂದರೆ, ಭಾರತೀಯ ವಾಯುಪಡೆಯ ಮೊದಲ ಜೆಟ್ ಇದೇ. 1948ರಲ್ಲಿ ಬಂತು. ಆಮೇಲೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಪರವಾನಗಿ ಪಡೆದು ಎಫ್‌ಬಿ 52 ಮಾದರಿಯನ್ನು ಇಲ್ಲೇ ತಯಾರಿಸಿತು. ಆ ಕಾರ್ಖಾನೆ 1940ರಲ್ಲಿ ಶುರುವಾದಾಗ ಮೈಸೂರು ಸಂಸ್ಥಾನದ ಸರ್ಕಾರವೂ ಅದರಲ್ಲಿ ಬಂಡವಾಳ ಹಾಕಿತ್ತು. ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ 1965ರ ಸೆಪ್ಟೆಂಬರ್ 1ರಂದು ಜಮ್ಮುವಿನ ಛಾಂಬ್ ಕಡೆ ದಾಳಿಗೆ ಹೋದ ವ್ಯಾಂಪೈರ್‌ಗಳು ಅಷ್ಟು ಹೊತ್ತಿಗೆ ಹಳತಾಗಿದ್ದವು. ಅವತ್ತು ನಾಲ್ಕು ವಿಮಾನಗಳು ಬಿದ್ದವು. ಇಂಥ ವಿಮಾನ ನಮ್ಮ ಶೋಕೇಸಿನಲ್ಲಿ ಬ್ರಿಟಿಷ್ ಗುರುತು ಹೊತ್ತು ನಿಲ್ಲಬೇಕಾಗಿಲ್ಲ.

ಆದರೆ ಯಾವ ಮಾದರಿ ಅನ್ನುವುದನ್ನು ಮೊದಲೇ ತೀರ್ಮಾನಿಸಿ. ಮೊದಲು ಬಂದ ಎಫ್ 3ರ ರೆಕ್ಕೆ 40 ಅಡಿ, ತುದಿ ದುಂಡಗೆ. ಎಫ್‌ಬಿ 5ರದ್ದು 38 ಅಡಿ, ತುದಿ ಕತ್ತರಿಸಿದ ಹಾಗೆ ಚಪ್ಪಟೆ. 1/72ರಲ್ಲಿ ಮೊದಲನೆಯದು ಸುಮಾರು 169 ಮಿಲಿಮೀಟರ್, ಎರಡನೆಯದು 161. ಸ್ಕೇಲ್ ಇಟ್ಟು ಅಳೆದು ನೋಡಿ. ಎಫ್‌ಬಿ 5 ಕಿಟ್ಟಿನಿಂದ ನೇರವಾಗಿ ಆಗುವುದು ನಮ್ಮ ಎಫ್‌ಬಿ 52. 1948ರ ವಿಮಾನವೇ ಬೇಕೆಂದರೆ ರೆಕ್ಕೆ ತುದಿಗೆ ಪ್ಲಾಸ್ಟಿಕ್ ಶೀಟ್ ಸೇರಿಸಿ ದುಂಡಗೆ ಅರೆಯಬೇಕು. ಅದು ಬೇರೆಯದೇ ಕೆಲಸ.

ಹಳೆ ಕಿಟ್‌ಗಳ ಮೇಲೆ ಎಲ್ಲರೂ ಹೊರಿಸುವ ದೂರು ಒಂದೇ: ಮೈಯ ತಗಡುಗಳ ಅಂಚು ತೋರಿಸುವ ಪ್ಯಾನೆಲ್ ಗೆರೆಗಳು ಕೊರೆದಿಲ್ಲ, ಉಬ್ಬಿಕೊಂಡಿವೆ, ಜೋಡಣೆಯ ಗೆರೆ ಅರೆಯುವಾಗ ಅಳಿಸಿಹೋಗುತ್ತವೆ. ಹಂಟರ್ ಅಥವಾ ಕ್ಯಾನ್‌ಬೆರಾದಂಥ ಲೋಹದ ಮೈಯ ವಿಮಾನವಾದರೆ ಈ ದೂರು ನ್ಯಾಯವೇ. ವ್ಯಾಂಪೈರ್ ವಿಷಯದಲ್ಲಿ ಹಾಗಲ್ಲ. ಅಸಲಿ ವ್ಯಾಂಪೈರಿನ ಮುಂದಿನ ಒಡಲು ಮರದ್ದು. ಬಾಲ್ಸಾ ತಿರುಳಿನ ಎರಡೂ ಕಡೆ ಬರ್ಚ್ ಪ್ಲೈವುಡ್ ಅಂಟಿಸಿ ಮಾಡಿದ್ದು, ಅದೇ ಕಂಪನಿಯ ಮಸ್ಕಿಟೋ ವಿಮಾನದ ಪದ್ಧತಿಯಲ್ಲೇ. ಮೂಗಿನಿಂದ ರೆಕ್ಕೆಯ ಬುಡದವರೆಗೆ ತಗಡಿನ ಜೋಡಣೆ ಇಲ್ಲ, ರಿವೆಟ್ ಸಾಲಿಲ್ಲ. ಅಲ್ಲಿ ಉಬ್ಬು ಗೆರೆ ಏನೇ ಇದ್ದರೂ 600 ನಂಬರಿನ ವಾಟರ್ ಪೇಪರಿನಲ್ಲಿ ನೀರು ಹಾಕಿ ಪೂರ್ತಿ ಅರೆದುಬಿಡಿ. ಉಳಿಸಿಕೊಳ್ಳಬೇಕಾದ್ದು ಗನ್ ಬಾಗಿಲುಗಳು, ಮೂಗಿನ ಚಕ್ರದ ಬಾಗಿಲು, ಕ್ಯಾನಪಿಯ (ಪೈಲಟ್ ತಲೆ ಮೇಲಿನ ಪಾರದರ್ಶಕ ಮುಚ್ಚಳದ) ಹಳಿ ಇಷ್ಟೇ. ಅವನ್ನು ಸೂಜಿಯಿಂದ ಹಗುರವಾಗಿ ಕೊರೆದುಕೊಳ್ಳಬಹುದು. ಹಿಂದಿನ ಎಂಜಿನ್ ಹೊದಿಕೆ, ರೆಕ್ಕೆ, ಬೂಮ್‌ಗಳು (ರೆಕ್ಕೆಯಿಂದ ಹಿಂದಕ್ಕೆ ಬಾಲದವರೆಗೆ ಹೋಗುವ ಎರಡು ಉದ್ದ ತೋಳುಗಳು) ಲೋಹದ್ದು. ಅಲ್ಲಿ ಉಬ್ಬು ಗೆರೆಗಳನ್ನು 1000 ನಂಬರಿನಲ್ಲಿ ಎರಡು ಮೂರು ಸಲ ಸವರಿ ತಗ್ಗಿಸಿದರೆ ಸಾಕು, ಬಣ್ಣದ ಕೆಳಗೆ ಅವು ಮಾಸಲಾಗಿ ಕಂಡರೆ ಚೆನ್ನ. ಹಳೆ ಅಚ್ಚಿನ ಕೊರತೆಯೇ ಇಲ್ಲಿ ಕೊರತೆಯಾಗಿ ಉಳಿಯುವುದಿಲ್ಲ, ಅದಕ್ಕೇ ಈ ಕಿಟ್ ಬಗ್ಗೆ ನಮಗೆ ಇಷ್ಟು ಪ್ರೀತಿ.

ಶುರು ಮಾಡುವ ಮುಂಚೆ ಎಲ್ಲ ಭಾಗಗಳನ್ನೂ ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿಗೆ ಹಚ್ಚಿದ ಎಣ್ಣೆ ಉಳಿದಿದ್ದರೆ ಪ್ರೈಮರ್ ಅಲ್ಲಲ್ಲಿ ಬಿಟ್ಟುಕೊಂಡು ಕೂರುತ್ತದೆ. ಅಂಚುಗಳಲ್ಲಿ ಫ್ಲ್ಯಾಶ್ ಎನ್ನುವ ತೆಳು ಪ್ಲಾಸ್ಟಿಕ್ ಪೊರೆ ಇರುತ್ತದೆ; ಅಚ್ಚು ಸವೆದಷ್ಟೂ ಅದು ಜಾಸ್ತಿ. ಬ್ಲೇಡನ್ನು ನಿಲ್ಲಿಸಿ ಹಿಡಿದು ಕೆರೆಯಿರಿ, ಕತ್ತರಿಸಲು ಹೋದರೆ ಭಾಗಕ್ಕೇ ಕಚ್ಚು ಬೀಳುತ್ತದೆ. ಬೂಮ್ ಬಾಗಿದ್ದರೆ ಕೈ ಸುಡುವಷ್ಟು ಬಿಸಿ ನೀರಿನಲ್ಲಿ ಅರ್ಧ ನಿಮಿಷ ಇಟ್ಟು, ಗಾಜಿನ ಮೇಲೆ ಒತ್ತಿ ನೇರ ಮಾಡಿ, ತಕ್ಷಣ ತಣ್ಣೀರಿಗೆ ಹಾಕಿ. ಕುದಿಯುವ ನೀರು ಬೇಡ, ಪಾಲಿಸ್ಟೈರೀನ್ ಆ ಬಿಸಿಗೆ ಮೆತ್ತಗಾಗಿ ಆಕಾರ ಬಿಡುತ್ತದೆ.

ಉಪಕರಣಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ. ಸಣ್ಣ ಅರ, ಚಿಮಟ, ಕೈಯಲ್ಲಿ ತಿರುಗಿಸುವ ಡ್ರಿಲ್, ಅರ್ಧ ಮಿಲಿಮೀಟರಿನ ಬಿಟ್ ಇವೆಲ್ಲ ಅಕ್ಕಸಾಲಿಗರ ಸಾಮಾನು. ಚಿನ್ನದ ಅಂಗಡಿಗಳು ತುಂಬಿರುವ ಅಶೋಕ ರಸ್ತೆಯ ಆಸುಪಾಸಿನಲ್ಲಿ ವಿಚಾರಿಸಿ. ವಾಟರ್ ಪೇಪರ್, ಪ್ರೈಮರ್, ಸಂದು ತುಂಬುವ ಎನ್‌ಸಿ ಪುಟ್ಟಿ, ರಬ್ಬಿಂಗ್ ಕಾಂಪೌಂಡ್ ಕಾರ್ ಪೇಂಟ್ ಅಂಗಡಿಯಲ್ಲಿ ಸಿಗುತ್ತವೆ. ಆನ್‌ಲೈನಿನಲ್ಲಿ ತರಿಸಲೇಬೇಕಾದ್ದು ಎರಡೇ: ಮಾಡೆಲ್‌ಗೆಂದೇ ಮಾಡಿದ ಸಿಮೆಂಟ್ (ತೆಳು ಲಿಕ್ವಿಡ್ ಒಂದು, ಟ್ಯೂಬಿನದೊಂದು) ಮತ್ತು ಡೀಕಲ್ ಕಾಗದ. ಪಿವಿಸಿ ಪೈಪಿನ ಅಂಟು ದಪ್ಪ, ನೂಲು ನೂಲಾಗಿ ಎಳೆಯುತ್ತದೆ. ಬೋರ್ಡ್ ಮಾಡುವವರು ಅಕ್ರಿಲಿಕ್ ಶೀಟಿಗೆ ಬಳಸುವ ಕ್ಲೋರೋಫಾರ್ಮ್ ಇಷ್ಟು ತೆಳು ಭಾಗವನ್ನು ಕರಗಿಸಿಬಿಡುತ್ತದೆ, ಅದರ ಆವಿಯೂ ಒಳ್ಳೆಯದಲ್ಲ. ಫೆವಿಕ್ವಿಕ್ ಸಣ್ಣಪುಟ್ಟದಕ್ಕೆ ಆದೀತು, ಬೂಮ್ ಜೋಡಣೆಗೆ ಬೇಡ. ಒಣಗಿದ ಮೇಲೆ ಅದು ಪೆಡಸು, ಸಣ್ಣ ಏಟಿಗೂ ಬಿಟ್ಟುಕೊಳ್ಳುತ್ತದೆ.

ಕಾಕ್‌ಪಿಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಳಗೆ ಕಪ್ಪು ಬಣ್ಣ, ಸೀಟಿಗೆ ಮಾಸ್ಕಿಂಗ್ ಟೇಪಿನ ಬೆಲ್ಟ್. ಒಂದು ವಿಷಯ ಮಾತ್ರ ಮರೆಯಬೇಡಿ: ಒಂಟಿ ಸೀಟಿನ ಎಫ್‌ಬಿ ವ್ಯಾಂಪೈರಿನಲ್ಲಿ ಇಜೆಕ್ಷನ್ ಸೀಟ್ (ಅಪಾಯದಲ್ಲಿ ಪೈಲಟನ್ನು ಹೊರಕ್ಕೆ ಚಿಮ್ಮಿಸುವ ಸೀಟು) ಇರಲಿಲ್ಲ. ಚೆನ್ನಾಗಿ ಕಾಣುತ್ತದೆ ಅಂತ ರೆಸಿನ್ ಇಜೆಕ್ಷನ್ ಸೀಟ್ ತಂದು ಕೂರಿಸಿದರೆ ಅದು ತಪ್ಪು ವಿಮಾನ.

ಮೂಗಿನ ಭಾರಕ್ಕೆ ಬರೋಣ, ಹೆಚ್ಚು ಮಾಡೆಲ್‌ಗಳು ಕೆಡುವುದು ಇಲ್ಲಿ. ಒಡಲು ಗಿಡ್ಡ, ಅದರ ಹಿಂದೆ ಎರಡು ಬೂಮ್, ಬಾಲ, ನೆಟ್ಟಗೆ ನಿಲ್ಲುವ ಎರಡು ಫಿನ್. ಭಾರ ಹಾಕದಿದ್ದರೆ ಬಾಲದ ಮೇಲೆ ಕೂರುತ್ತದೆ. ಎಷ್ಟು ಗ್ರಾಂ ಎಂದು ಊಹಿಸಬೇಡಿ. ಒಡಲು, ರೆಕ್ಕೆ, ಬೂಮ್, ಬಾಲ ಎಲ್ಲವನ್ನೂ ಅಂಟಿಲ್ಲದೆ ಟೇಪಿನಲ್ಲಿ ಜೋಡಿಸಿ, ಮುಖ್ಯ ಚಕ್ರ ಬರುವ ಜಾಗದ ಕೆಳಗೆ ಪೆನ್ಸಿಲ್ ಅಡ್ಡ ಇಟ್ಟು ತಕ್ಕಡಿಯ ಹಾಗೆ ಕೂರಿಸಿ. ಮೂಗಿನ ಮೇಲೆ ಭಾರ ಇಡುತ್ತಾ ಹೋಗಿ. ಮೂಗು ಕೆಳಗೆ ಬಿದ್ದ ಮೇಲೂ ಇನ್ನೆರಡು ಗ್ರಾಂ ಸೇರಿಸಿ, ಪುಟ್ಟಿ, ಬಣ್ಣದ ತೂಕ ಹಿಂದೆ ಸೇರುತ್ತದೆ. ಒಳಗೆ ಜಾಗ ಕಡಿಮೆ, ಅದಕ್ಕೇ ಸೀಸ ಬೇಕು: ಒಂದು ಘನ ಸೆಂಟಿಮೀಟರ್ ಸೀಸ 11 ಗ್ರಾಂ ದಾಟುತ್ತದೆ, ಕಬ್ಬಿಣ 8 ಗ್ರಾಂ ಮುಟ್ಟುವುದಿಲ್ಲ. ಮಂಡ್ಯ, ಶ್ರೀರಂಗಪಟ್ಟಣದ ಕಡೆ ಹೊಳೆಗೆ ಗಾಳ ಹಾಕುವವರು ಕಟ್ಟುವ ಸೀಸದ ಗುಂಡು ಇದಕ್ಕೆ ಹೇಳಿ ಮಾಡಿಸಿದ್ದು. ಸುತ್ತಿಗೆಯಲ್ಲಿ ಚಪ್ಪಟೆ ತಟ್ಟಿ ಮೂಗಿನ ತುದಿಗೆ, ಕಾಕ್‌ಪಿಟ್ ನೆಲದ ಕೆಳಗೆ ತುಂಬಿ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಸೀಸವನ್ನು ಫೆವಿಕಾಲ್‌ನಲ್ಲಿ ಅಂಟಿಸಲೇಬೇಡಿ. ಬಿಳಿ ಅಂಟಿನಿಂದ ಹೊರಡುವ ಆಮ್ಲದ ಅಂಶ ಸೀಸವನ್ನು ತಿಂದು ಬಿಳಿ ಪುಡಿ ಮಾಡುತ್ತದೆ, ಆ ಪುಡಿ ಹಿಗ್ಗುತ್ತಾ ಹೋಗುತ್ತದೆ. ಕಟ್ಟಿ ಕೆಲವು ವರ್ಷವಾದ ಮೇಲೆ ಮೂಗಿನ ಜೋಡಣೆ ತಾನಾಗಿ ಬಿರಿಯುವುದಕ್ಕೆ ಇದೇ ಕಾರಣ. ಎಂ-ಸೀಲ್ ಅಥವಾ ಎರಡು ಟ್ಯೂಬಿನ ಎಪಾಕ್ಸಿ ಬಳಸಿ.

ಬೂಮ್‌ಗಳದ್ದು ಇನ್ನೊಂದು ಪರೀಕ್ಷೆ. ಆ ಕಾಲದ ಜೆಟ್ ಎಂಜಿನ್‌ಗೆ ಹೊಗೆಕೊಳವೆ ಉದ್ದವಾದಷ್ಟೂ ಶಕ್ತಿ ಸೋರುತ್ತಿತ್ತು. ಗಾಬ್ಲಿನ್ ಎಂಜಿನ್ನಿನ ಕೊಳವೆಯನ್ನು ಗಿಡ್ಡ ಮಾಡಲೆಂದೇ ಬಾಲವನ್ನು ಎರಡು ಬೂಮ್‌ಗಳ ಮೇಲೆ ಹಿಂದಕ್ಕೆ ಒಯ್ದರು. ಮಾಡೆಲ್ ಕಟ್ಟುವವರಿಗೆ ಇದರ ಫಲ ಏನೆಂದರೆ, ಎರಡು ಬೂಮ್‌ನಲ್ಲಿ ಒಂದು ಅರ್ಧ ಮಿಲಿಮೀಟರ್ ಏರಿದರೂ ಬಾಲ ವಾರೆ ಕಾಣುತ್ತದೆ. ಗ್ರಾಫ್ ಕಾಗದದ ಮೇಲೆ ನಡುಗೆರೆ ಎಳೆದು, ಎರಡೂ ಕಡೆ ಸಮ ದೂರದಲ್ಲಿ ಬೂಮ್ ಗೆರೆ ಹಾಕಿ. ಅದನ್ನು ಥರ್ಮಾಕೋಲ್ ಮೇಲೆ ಅಂಟಿಸಿ ಗುಂಡುಸೂಜಿ ಸಾಲು ನಿಲ್ಲಿಸಿ, ಬೂಮ್‌ಗಳು ಆ ಸಾಲಿನ ನಡುವೆ ಕೂರಲಿ. ಮೇಲೆ ಬಟರ್ ಪೇಪರ್ ಹಾಸಿರಿ. ಸಿಮೆಂಟ್ ಸೋರಿದರೆ ಥರ್ಮಾಕೋಲ್ ಕರಗಿ ಮಾಡೆಲ್‌ಗೆ ಮೆತ್ತಿಕೊಳ್ಳುತ್ತದೆ. ಮೊದಲು ರೆಕ್ಕೆಗೆ ಬೂಮ್, ನಿಧಾನವಾಗಿ ಒಣಗುವ ಟ್ಯೂಬ್ ಸಿಮೆಂಟಿನಲ್ಲಿ. ಬಾಲವನ್ನು ಅಂಟಿಲ್ಲದೆ ಸಿಕ್ಕಿಸಿ ರಾತ್ರಿಯಿಡೀ ಬಿಡಿ. ಮಾರನೇ ದಿನ ಹಿಂದಿನಿಂದ ಕಣ್ಣಳತೆಯಲ್ಲಿ ನೋಡಿ, ಬಾಲ ರೆಕ್ಕೆಗೆ ಸಮವಾಗಿದ್ದರೆ ಆಮೇಲೆ ತೆಳು ಸಿಮೆಂಟ್ ಬಿಡಿ. ಬಾಲವನ್ನು ಮೊದಲು ಅಂಟಿಸಿ ಬೂಮ್‌ಗಳನ್ನು ಎಳೆದು ರೆಕ್ಕೆಗೆ ಕೂರಿಸುವವರಿದ್ದಾರೆ. ಆ ಎಳೆತ ಜೋಡಣೆಯಲ್ಲೇ ಉಳಿದು, ಬಣ್ಣ ಹೊಡೆದ ಮೇಲೆ ಬಿರುಕಾಗಿ ಕಾಣಿಸಿಕೊಳ್ಳುತ್ತದೆ.

ರೆಕ್ಕೆಯ ಹಿಂಬದಿ ಅಂಚು ಆ ಕಾಲದ ಕಿಟ್‌ಗಳಲ್ಲಿ ದಪ್ಪ. ಗಾಜಿನ ಮೇಲೆ 400 ನಂಬರಿನ ಕಾಗದ ಹಾಸಿ, ಮೇಲಿನ ಕೆಳಗಿನ ಎರಡೂ ಹೋಳುಗಳ ಒಳಮೈಯನ್ನು ಅಂಟಿಸುವ ಮುಂಚೆಯೇ ಅರೆದು ತೆಳ್ಳಗೆ ಮಾಡಿ. ರೆಕ್ಕೆ ಬುಡದ ಗಾಳಿಬಾಯಿಯ ಒಳಗೆ ಆಳವಿರುವುದಿಲ್ಲ, ಹಿಂಗೋಡೆಗೆ ಹೊಳಪಿಲ್ಲದ ಕಪ್ಪು ಬಳಿದರೆ ಆಳ ಬಂದಂತೆ ಕಾಣುತ್ತದೆ. ಮೂಗಿನ ಕೆಳಗಿನ ನಾಲ್ಕು 20 ಮಿಲಿಮೀಟರ್ ಫಿರಂಗಿಗಳ ಬಾಯಿ ಡ್ರಿಲ್ ಮಾಡಿ.

ಎನ್‌ಸಿ ಪುಟ್ಟಿಯನ್ನು ಒಂದೇ ಸಲ ದಪ್ಪಗೆ ಮೆತ್ತಬೇಡಿ. ಅದರ ಥಿನ್ನರ್ ಪ್ಲಾಸ್ಟಿಕ್ಕನ್ನೂ ಮೆತ್ತಗೆ ಮಾಡುತ್ತದೆ, ಒಣಗುತ್ತಾ ಕುಗ್ಗಿ ಗುಳಿ ಬೀಳುತ್ತದೆ. ತೆಳುವಾಗಿ ಎಳೆದು, ಒಂದು ದಿನ ಬಿಟ್ಟು, ಮತ್ತೊಂದು ಸಲ ಎಳೆಯಿರಿ. ಅವಸರವಿದ್ದರೆ ಫೆವಿಕ್ವಿಕ್ ಜೊತೆ ಮಗುವಿನ ಪೌಡರ್ ಕಲಸಿ ತುಂಬಿ, ಅರ್ಧ ಗಂಟೆಯೊಳಗೆ ಅರೆದು ಮುಗಿಸಿ. ಮಾರನೇ ದಿನಕ್ಕೆ ಬಿಟ್ಟರೆ ಅದು ಸುತ್ತಲಿನ ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗಿ, ಅರೆದಾಗ ಪ್ಲಾಸ್ಟಿಕ್ ಸವೆದು ಪುಟ್ಟಿ ಉಬ್ಬಾಗಿ ನಿಲ್ಲುತ್ತದೆ.

ಕ್ಯಾನಪಿ ದಪ್ಪ, ಗೀರು ಬಿದ್ದಿರುತ್ತದೆ. 1500, 2000, 2500 ವಾಟರ್ ಪೇಪರ್, ಆಮೇಲೆ ರಬ್ಬಿಂಗ್ ಕಾಂಪೌಂಡ್, ಕೊನೆಗೆ ಹಲ್ಲುಜ್ಜುವ ಪೇಸ್ಟ್, ತಿಳಿಯಾಗುತ್ತದೆ. ಅಂಟಿಸಲು ಮಾತ್ರ ಫೆವಿಕಾಲ್. ಫೆವಿಕ್ವಿಕ್ ಹಾಕಿದರೆ ಅದರ ಆವಿ ಗಾಜಿನ ಒಳಗೆ ಬಿಳಿ ಮಂಜಾಗಿ ಕೂರುತ್ತದೆ, ಒಳಗಿನದನ್ನು ಒರೆಸಲು ಬರುವುದಿಲ್ಲ.

ಬಣ್ಣದಲ್ಲೂ ಮರದ ಒಡಲು ನಮ್ಮ ಪರವಾಗಿಯೇ ಇದೆ. ಈ ವಿಮಾನ ಬರಿ ಲೋಹವಾಗಿ ಹೊಳೆಯುತ್ತಿರಲಿಲ್ಲ, ಮೈಗೆಲ್ಲ ಅಲ್ಯೂಮಿನಿಯಂ ಬಣ್ಣ ಬಳಿದಿದ್ದರು. ಆದ್ದರಿಂದ ಫಾಯಿಲ್, ಕ್ರೋಮ್, ಪ್ಯಾನೆಲ್‌ಗೊಂದು ಛಾಯೆ ಯಾವುದೂ ಬೇಡ. ಕಾರಿನ ಬಾಡಿ ಸಿಲ್ವರಿನಲ್ಲಿ ಮಿನುಗಿನ ಕಣ ದೊಡ್ಡದು, ಇಷ್ಟು ಚಿಕ್ಕ ಅಳತೆಗೆ ಒರಟು. ವೀಲ್ ಸಿಲ್ವರ್ ಸ್ಪ್ರೇ ಇದಕ್ಕಿಂತ ನಯ. ಬರಿ ಪ್ಲಾಸ್ಟಿಕ್ಕಿನ ಮೇಲೆ ನೇರ ಹೊಡೆದರೆ ಮೈ ಬಿರುಕು ಬಿಡುತ್ತದೆ. ಮೊದಲು ಬೂದು ಪ್ರೈಮರ್ ಮಂಜಿನಂತೆ ಮೂರು ಪದರ, ಗೀರುಗಳಿದ್ದರೆ 1500ರಲ್ಲಿ ಅರೆದು, ಆಮೇಲೆ ಸಿಲ್ವರ್. ಸಿಲ್ವರ್ ಯಾವ ಗೀರನ್ನೂ ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಮಳೆಗಾಲದ ಸಂಜೆ ಮೈಸೂರಿನಲ್ಲಿ ಲ್ಯಾಕರ್ ಹೊಡೆಯಬೇಡಿ: ಥಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಬೆಳ್ಳಗೆ ಮಂಕಾಗುತ್ತದೆ. ಬಿಸಿಲಿರುವ ಮಧ್ಯಾಹ್ನವೇ ಸರಿ.

ಇನ್ನು ಡೀಕಲ್. ನಾಲ್ಕೈದು ದಶಕದ ಹಳೆ ಹಾಳೆ ನೀರಿಗೆ ಬಿದ್ದರೆ ಚೂರಾಗಬಹುದು. ಬೇಡದ ಒಂದನ್ನು ಕತ್ತರಿಸಿ ಮೊದಲು ಪರೀಕ್ಷಿಸಿ. ಹಳದಿಯಾಗಿದ್ದರೆ ಬಿಸಿಲು ಬೀಳುವ ಕಿಟಕಿಗೆ ಒಂದೆರಡು ವಾರ ಅಂಟಿಸಿದರೆ ಬಣ್ಣ ತಿಳಿಯಾಗುತ್ತದೆ. ನಮಗಂತೂ ಸುತ್ತ ಕೇಸರಿ, ಅದರೊಳಗೆ ಬಿಳಿ, ನಡುವೆ ಹಸಿರು ಇರುವ ಗುರುತು ಬೇಕು. ಸಿದ್ಧ ಹಾಳೆ ಸಿಗದಿದ್ದರೆ ಲೇಸರ್ ಡೀಕಲ್ ಕಾಗದ ಒಯ್ದು ಕಲರ್ ಪ್ರಿಂಟ್ ಅಂಗಡಿಯಲ್ಲಿ ಹಾಕಿಸಿ. ಪ್ರಿಂಟರ್ ಬಿಳಿ ಬಣ್ಣ ಹಾಕುವುದಿಲ್ಲ, ಪಾರದರ್ಶಕ ಕಾಗದವಾದರೆ ಸಿಲ್ವರ್ ಮೇಲೆ ಕೇಸರಿ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಬಿಳಿ ಹಿನ್ನೆಲೆಯ ಕಾಗದ ತೆಗೆದುಕೊಂಡು ಅಂಚಿಗೆ ಸರಿಯಾಗಿ ವೃತ್ತ ಕತ್ತರಿಸಿ. ಅಂಟಿಸುವ ಮುಂಚೆ ಮಾಡೆಲ್‌ಗೆ ಹೊಳಪಿನ ಕ್ಲಿಯರ್ ಲ್ಯಾಕರ್ ಬೇಕೇಬೇಕು, ಒರಟು ಮೈಯಲ್ಲಿ ಗಾಳಿ ಸಿಕ್ಕಿಕೊಂಡು ಡೀಕಲ್ ಕೆಳಗೆ ಬೆಳ್ಳಗೆ ಕಾಣುತ್ತದೆ. ಬೋರ್‌ವೆಲ್ ನೀರು ಒಣಗಿದಾಗ ಸುಣ್ಣದ ಕಲೆ ಬಿಡುತ್ತದೆ, ಫಿಲ್ಟರ್ ನೀರು ಬಳಸಿ.

ಜೋಡಿ ಸೀಟಿನ ಟಿ 55 ಬೇಕಾದವರು ಈ ಕಿಟ್ ಮುಟ್ಟಬೇಡಿ. ಅದರ ಮೂಗೇ ಬೇರೆ, ಇಬ್ಬರು ಪಕ್ಕಪಕ್ಕ ಕೂರುವಷ್ಟು ಅಗಲ. ಏರ್‌ಫಿಕ್ಸ್ 2013ರಲ್ಲಿ ತಂದ ಟಿ 11 ಅದಕ್ಕೆ ಸರಿ. ಟಿ 11ರ ರಫ್ತು ರೂಪವೇ ಟಿ 55.

ಮಾರುವವರ ಹತ್ತಿರ ದುಡ್ಡು ಕೊಡುವ ಮುಂಚೆ ಮೂರು ಫೋಟೋ ಕೇಳಿ: ಕ್ಯಾನಪಿಯನ್ನು ಬೆಳಕಿಗೆ ಹಿಡಿದದ್ದು, ಬೂಮ್‌ಗಳನ್ನು ಮೇಜಿನ ಮೇಲೆ ಮಲಗಿಸಿದ್ದು, ಚಕ್ರದ ಕಡ್ಡಿಗಳು ಫ್ರೇಮಿನಲ್ಲೇ ಇರುವುದು. ಡೀಕಲ್ ಹೇಗಿದ್ದರೂ ನಡೆಯುತ್ತದೆ, ಫ್ಲ್ಯಾಶ್ ಇದ್ದರೂ ನಡೆಯುತ್ತದೆ. ಕ್ಯಾನಪಿಗೆ ಗೀರು ಬಿದ್ದಿದ್ದರೆ ಕೊಳ್ಳಿ, ಒಡೆದಿದ್ದರೆ ಬಿಡಿ.