ಮೈವಾಸನೆ ಅಡಗಿಸುವ ಸರಕುಗಳು: ಮಿಷಿಗನ್‌ನ ಜಿಂಕೆ ಬೇಟೆಗೆ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಮಿಷಿಗನ್ ರಾಜ್ಯದಲ್ಲಿ ಅಕ್ಟೋಬರ್ 1ಕ್ಕೆ ಬಿಲ್ಲುಬೇಟೆಯ ಹಂಗಾಮು, ನವೆಂಬರ್ 15ಕ್ಕೆ ಬಂದೂಕಿನ ಹಂಗಾಮು ಆರಂಭವಾಗುತ್ತದೆ. ಅದಕ್ಕೆ ಬಹಳ ಮೊದಲೇ ಬೇಟೆ ಸಾಮಗ್ರಿಯ ಅಂಗಡಿಗಳಲ್ಲಿ ಒಂದು ಸಾಲು ಪೂರ್ತಿಯಾಗಿ ಮನುಷ್ಯನ ಮೈವಾಸನೆಯನ್ನು ಅಡಗಿಸುತ್ತೇವೆಂದು ಹೇಳಿಕೊಳ್ಳುವ ಸರಕುಗಳಿಂದ ತುಂಬಿರುತ್ತದೆ: ಸಾಬೂನು, ಬಟ್ಟೆ ಒಗೆಯುವ ದ್ರಾವಣ, ಸ್ಪ್ರೇ, ಇದ್ದಿಲಿನ ಪದರವಿರುವ ಉಡುಪು, ಓಝೋನ್ ಯಂತ್ರ, ನರಿಯ ಮೂತ್ರದ ಸಣ್ಣ ಶೀಶೆ. ಇವುಗಳಲ್ಲಿ ಹೆಚ್ಚಿನವನ್ನು ನಾನು ಕೊಂಡು ಬಳಸಿದ್ದೇನೆ. ನನ್ನದು ಬಿಲ್ಲುಬೇಟೆಯಾದ್ದರಿಂದ ಮರಕ್ಕೆ ಕಟ್ಟಿದ ಅಟ್ಟಣೆಯಲ್ಲಿ ಕೂತು, ಜಿಂಕೆ 20–30 ಗಜದೊಳಗೆ ಬರುವವರೆಗೂ ಕಾಯಬೇಕಾಗುತ್ತದೆ. ನೂರು ಗಜದಾಚೆಯಿಂದ ಗುಂಡು ಹಾರಿಸುವವರಿಗೆ ಈ ತಲೆನೋವು ಇಷ್ಟು ಇರುವುದಿಲ್ಲ ಎಂಬುದನ್ನು ಓದುವಾಗ ನೆನಪಿನಲ್ಲಿಡಬೇಕು. ಊರಿನಿಂದ ಓದುತ್ತಿರುವವರು ಇನ್ನೊಂದನ್ನೂ ಗಮನಿಸಬೇಕು: ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ಇಲ್ಲಿ ಅದು ಪರವಾನಗಿ, ಹಂಗಾಮು ಮತ್ತು ಸಂಖ್ಯಾಮಿತಿಗಳ ಒಳಗೆ ಸರ್ಕಾರವೇ ನಡೆಸುವ ವ್ಯವಸ್ಥೆ.

ಅಡಗಿಸಬೇಕಾದ್ದು ಏನನ್ನು ಎಂದು ತಿಳಿಯದೆ ಈ ಸರಕುಗಳನ್ನು ಅಳೆಯಲಾಗದು. ಹೊಸದಾಗಿ ಹೊಮ್ಮಿದ ಬೆವರಿಗೆ ಹೆಚ್ಚೇನೂ ವಾಸನೆಯಿಲ್ಲ. ಕಂಕುಳಿನಂಥ ಕಡೆ ನೆಲೆಸಿರುವ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಆಮ್ಲಗಳನ್ನೂ ಗಂಧಕದ ಸಂಯುಕ್ತಗಳನ್ನೂ ಮಾಡಿದಾಗಲೇ ಅದು ನಾರುತ್ತದೆ. ಇದರ ಜೊತೆಗೆ ಚರ್ಮದಿಂದ ಸದಾ ಉದುರುವ ಕಣ್ಣಿಗೆ ಕಾಣದ ಹೊಟ್ಟು, ತಲೆಗೂದಲಿನ ಜಿಡ್ಡು, ಎಲ್ಲಕ್ಕಿಂತ ಮುಖ್ಯವಾಗಿ ನಿಲ್ಲದೆ ಹೊರಬೀಳುವ ಉಸಿರು ಇವೆ. ಬಿಳಿಬಾಲದ ಜಿಂಕೆ ಇವೆಲ್ಲವನ್ನೂ ಒಂದೇ ಬಾರಿಗೆ ಮೂಸುತ್ತದೆ. ಅಷ್ಟೇ ಅಲ್ಲ, ಅನುಮಾನ ಬಂದ ಪ್ರೌಢ ಗಂಡು ಜಿಂಕೆ ನೇರವಾಗಿ ಮುಂದೆ ಬಾರದೆ ಸುತ್ತು ಹಾಕಿ, ಗಾಳಿ ತನ್ನ ಮೂಗಿಗೆ ಬಡಿಯುವ ಕಡೆಗೆ ಹೋಗಿ ನಿಂತು ಪರೀಕ್ಷಿಸುತ್ತದೆ. ಬಾಯಿಗಿಂತ ಬಗಲನ್ನೇ ಗುರಿಯಾಗಿಸಿಕೊಂಡ ಸರಕುಗಳು ಈ ಪರೀಕ್ಷೆಯ ಅರ್ಧವನ್ನಷ್ಟೇ ಎದುರಿಸುತ್ತವೆ.

ಸುವಾಸನೆಯಿಲ್ಲದ ಸಾಬೂನು ಮತ್ತು ಬಟ್ಟೆ ಒಗೆಯುವ ದ್ರಾವಣ, ಎರಡೂ ಸೇರಿ ಇಪ್ಪತ್ತು ಡಾಲರಿನ ಆಸುಪಾಸಿನಲ್ಲಿ ಸಿಗುತ್ತವೆ. ಈ ಸಾಲಿನಲ್ಲಿ ನಾನು ಯಾವ ಅಳುಕೂ ಇಲ್ಲದೆ ಕೊಳ್ಳಿ ಎನ್ನಬಹುದಾದದ್ದು ಇವನ್ನೇ. ಸಾಮಾನ್ಯ ಡಿಟರ್ಜೆಂಟುಗಳಲ್ಲಿ ಪರಿಮಳದ ಜೊತೆಗೆ ಬಟ್ಟೆಯನ್ನು ಬೆಳ್ಳಗೆ ಹೊಳೆಯಿಸುವ ರಾಸಾಯನಿಕಗಳೂ ಇರುತ್ತವೆ. ಅವು ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತವೆ, ಮತ್ತು ಜಿಂಕೆಯ ಕಣ್ಣು ನೀಲಿಯ ಕಡೆಯ ಬೆಳಕನ್ನು ನಮಗಿಂತ ಚೆನ್ನಾಗಿ ಗ್ರಹಿಸುತ್ತದೆ. ಹಾಗಾಗಿ ಈ ದ್ರಾವಣದಿಂದ ಮೂಗಿಗೂ ಕಣ್ಣಿಗೂ ಪ್ರಯೋಜನವಿದೆ. ಬಂದೂಕಿನ ಹಂಗಾಮಿನಲ್ಲಿ ಕಾನೂನಿನ ಪ್ರಕಾರ ತೊಡಲೇಬೇಕಾದ ಕಿತ್ತಳೆ ಬಣ್ಣದ ಮೇಲಂಗಿಯನ್ನೂ ಇದರಲ್ಲೇ ಒಗೆಯಬೇಕು. ಹಲವರು ಅದೊಂದನ್ನು ವರ್ಷವಿಡೀ ಕಾರಿನ ಡಿಕ್ಕಿಯಲ್ಲೇ ಬಿಟ್ಟಿರುತ್ತಾರೆ.

ಕನ್ನಡಿಗರ ಮನೆಗಳಿಗೆ ಮಾತ್ರ ಸಲ್ಲುವ ಒಂದು ಎಚ್ಚರಿಕೆಯೂ ಇದೆ. ಇಲ್ಲಿನ ಚಳಿಗಾಲದಲ್ಲಿ ಕಿಟಕಿ ಮುಚ್ಚಿದ ಮನೆಯೊಳಗೆ ಇಂಗು, ಬೆಳ್ಳುಳ್ಳಿಯ ಒಗ್ಗರಣೆ ಹಾಕಿದರೆ ಅದರ ಘಾಟು ಮರುದಿನವೂ ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕಿದ ಜಾಕೆಟ್ಟಿನಲ್ಲಿ ಇರುತ್ತದೆ. ದೇವರ ಮುಂದೆ ಹಚ್ಚಿದ ಊದುಬತ್ತಿಯದೂ ತಲೆಗೆ ಸವರಿದ ಕೊಬ್ಬರಿ ಎಣ್ಣೆಯದೂ ಇದೇ ಕಥೆ. ಎಷ್ಟು ಬೆಲೆಯ ಸಾಬೂನಿನಲ್ಲಿ ಒಗೆದರೂ, ಒಗೆದ ಬಟ್ಟೆಯನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಕಾಡಿನ ಅಂಚಿನಲ್ಲೇ ತೊಡದಿದ್ದರೆ ಕೊಟ್ಟ ಹಣ ವ್ಯರ್ಥ.

ಸ್ಪ್ರೇಗಳ ಬಗ್ಗೆ ನನ್ನ ಅಭಿಪ್ರಾಯ ಮಧ್ಯಮ. ನಾನು ಕೊಂಡ ಬಾಟಲಿಯ ಮೇಲೆ ಒಳಗೇನಿದೆ ಎಂಬ ವಿವರವೇ ಇರಲಿಲ್ಲ. ಹೊಗಳಿಕೆಗೆ ಮಾತ್ರ ಮೂರು ಬದಿಗಳಲ್ಲೂ ಜಾಗ ಸಿಕ್ಕಿತ್ತು. ಅಡುಗೆ ಸೋಡಾವನ್ನು ನೀರಿನಲ್ಲಿ ಕದಡಿ ಚಿಮುಕಿಸಿದರೂ ಬೆವರಿನ ಆಮ್ಲಗಳು ಗಾಳಿಗೆ ಏರದ ಲವಣಗಳಾಗಿ ಬದಲಾಗುತ್ತವೆ. ಆಮ್ಲವಲ್ಲದ ವಾಸನೆಗಳ ಮೇಲೆ ಸೋಡಾ ಹೆಚ್ಚು ಕೆಲಸ ಮಾಡುವುದಿಲ್ಲ ಎಂಬುದು ನಿಜ. ಬೆನ್ನುಚೀಲ, ಟೋಪಿ, ಬಿಲ್ಲಿನ ಹಿಡಿಯಂಥ ಒಗೆಯಲಾಗದ ವಸ್ತುಗಳಿಗೆ ಸ್ಪ್ರೇ ಉಪಯುಕ್ತ. ಬೆವರು ಸುರಿಸುತ್ತಾ ನಡೆದು ಬಂದು ಮೈಗೆಲ್ಲ ಅದನ್ನು ಸುರಿದುಕೊಳ್ಳುವುದರಿಂದ ಒದ್ದೆಯಾಗಿ ನಡುಗುವುದನ್ನು ಬಿಟ್ಟರೆ ಮತ್ತೇನೂ ಆಗದು.

ಇನ್ನು ಇದ್ದಿಲಿನ ಉಡುಪು. ಜಾಕೆಟ್ಟು, ಪ್ಯಾಂಟು ಸೇರಿ 300 ಡಾಲರನ್ನು ಸುಲಭವಾಗಿ ದಾಟುವ ಈ ಉಡುಪಿನ ಹಿಂದಿರುವ ತತ್ವ ಸುಳ್ಳಲ್ಲ. ಸಕ್ರಿಯಗೊಳಿಸಿದ ಇದ್ದಿಲಿನಲ್ಲಿ ಸೂಕ್ಷ್ಮ ರಂಧ್ರಗಳು ಎಷ್ಟಿರುತ್ತವೆಂದರೆ ಒಂದು ಗ್ರಾಮಿನ ಒಳಮೈಯನ್ನು ಹರಡಿದರೆ ಅದು 500 ಚದರ ಮೀಟರಿಗೂ ಮೀರುತ್ತದೆ. ವಾಸನೆಯ ಅಣುಗಳು ಅಲ್ಲಿ ಅಂಟಿಕೊಂಡು ಉಳಿಯುತ್ತವೆ. ತೊಡಕಿರುವುದು ಆ ಜಾಗ ತುಂಬಿದ ಮೇಲೆ. ಕೈಗಾರಿಕೆಗಳಲ್ಲಿ ಇದ್ದಿಲನ್ನು ಮತ್ತೆ ಹೊಸದರಂತೆ ಮಾಡಲು ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖ ಕೊಡುತ್ತಾರೆ. ಮನೆಯ ಡ್ರೈಯರ್ ಅದರ ಹತ್ತಿರಕ್ಕೂ ಹೋಗುವುದಿಲ್ಲ, ಹೋದರೆ ಬಟ್ಟೆಯೇ ಉಳಿಯುವುದಿಲ್ಲ. ಈ ವಿಷಯ ನ್ಯಾಯಾಲಯದವರೆಗೂ ಹೋಗಿದೆ. ನಮ್ಮ ಮಿಷಿಗನ್‌ನದೇ ಆದ, ಸೆಂಟ್‌ಲಾಕ್ ಎಂಬ ಇದ್ದಿಲಿನ ಉಡುಪುಗಳ ತಯಾರಕರಾಗಿದ್ದ ಎ.ಎಲ್.ಎಸ್. ಎಂಟರ್‌ಪ್ರೈಸಸ್ ಮತ್ತಿತರರ ಮೇಲೆ ಮಿನ್ನೆಸೋಟದ ಬೇಟೆಗಾರರು 2007ರಲ್ಲಿ ಮೊಕದ್ದಮೆ ಹೂಡಿದರು. ಜಾಹೀರಾತಿನ ಕೆಲವು ಮಾತುಗಳು ಸುಳ್ಳೆಂದು 2010ರಲ್ಲಿ ಕೆಳ ನ್ಯಾಯಾಲಯ ತೀರ್ಪಿತ್ತು ತಡೆಯಾಜ್ಞೆ ನೀಡಿತು. 2011ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತಡೆಯಾಜ್ಞೆಯನ್ನು ತೆಗೆದುಹಾಕಿತು. ವಾಸನೆಯನ್ನು ನಿರ್ಮೂಲ ಮಾಡುತ್ತದೆ ಎಂಬ ಮಾತನ್ನು ಕೊನೆಯ ಕಣದವರೆಗೂ ಎಂದು ಓದಬೇಕಿಲ್ಲ ಎಂಬುದು ಅದರ ನಿಲುವಾಗಿತ್ತು. ಕಾನೂನಿನ ಮಟ್ಟಿಗೆ ಅದು ಸರಿಯಿರಬಹುದು, ಆದರೆ ಜಿಂಕೆ ಓದುವುದು ಆ ಉಳಿದ ಕಣವನ್ನೇ.

2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥ ಉಡುಪು ತೊಟ್ಟು ಅವಿತವರನ್ನು ಹುಡುಕಲು ತರಬೇತಾದ ನಾಯಿಗಳನ್ನು ಬಿಡಲಾಗಿತ್ತು. ಅವು ಬಹುತೇಕ ಎಲ್ಲರನ್ನೂ ಪತ್ತೆಹಚ್ಚಿದವು. ನಾಯಿ ಜಿಂಕೆಯಲ್ಲ ಎಂದು ಯಾರಾದರೂ ವಾದಿಸಬಹುದು. ಹಾಗಿದ್ದರೂ ಮುಖ ತೆರೆದಿರುವ, ಉಸಿರು ಹೊರಗೆ ಹೋಗುತ್ತಲೇ ಇರುವ ಉಡುಪಿನಿಂದ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಲು ನನಗೆ ಕಾರಣ ಕಾಣುವುದಿಲ್ಲ. ನನ್ನ ಉಡುಪು ಬೆಚ್ಚಗಿದೆ, ಕೊಂಬೆಗೆ ತಾಗಿದರೂ ಸದ್ದಾಗುವುದಿಲ್ಲ, ಹೊಲಿಗೆ ಗಟ್ಟಿಯಾಗಿದೆ. ಚಳಿಗೆಂದು ಹೇಗೂ ಒಂದು ಜಾಕೆಟ್ಟು ಬೇಕಾಗಿರುವವರು ರಿಯಾಯಿತಿಯಲ್ಲಿ ಸಿಕ್ಕರೆ ಕೊಳ್ಳಬಹುದು. ಇದ್ದಿಲಿಗಾಗಿಯೇ ಹೆಚ್ಚು ಹಣ ತೆರುವ ಅಗತ್ಯವಿಲ್ಲ.

ಮರಕ್ಕೆ ಕಟ್ಟಿ ತಲೆಯ ಮೇಲಿಂದ ಗಾಳಿಯ ಹರಿವಿಗೆ ಓಝೋನ್ ಬೆರೆಸುವ ಯಂತ್ರವನ್ನು ನಾನು ಶಿಫಾರಸು ಮಾಡುವುದಿಲ್ಲ. ಓಝೋನ್ ವಾಸನೆಯ ಅಣುಗಳನ್ನು ಒಡೆಯಬಲ್ಲದು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ಶ್ವಾಸಕೋಶವನ್ನೂ ಕೆಣಕುತ್ತದೆ. ಅಮೆರಿಕದ ಕೆಲಸದ ಸ್ಥಳಗಳಲ್ಲಿ ಎಂಟು ಗಂಟೆಯ ಸರಾಸರಿಗೆ ಇರುವ ಮಿತಿ ಹತ್ತು ಲಕ್ಷಕ್ಕೆ 0.1 ಭಾಗ ಮಾತ್ರ. ಅಷ್ಟು ಕಡಿಮೆ ಪ್ರಮಾಣದಲ್ಲಿ, ಗಾಳಿ ಬೀಸುತ್ತಿರುವ ಬಯಲಿನಲ್ಲಿ, ಕ್ಷಣಮಾತ್ರದಲ್ಲಿ ದಾಟಿಹೋಗುವ ವಾಸನೆಯನ್ನು ಅದು ಎಷ್ಟರಮಟ್ಟಿಗೆ ಒಡೆದೀತು? ನಾನು ಎರವಲು ಪಡೆದು ಬಳಸಿದ ಯಂತ್ರ ಮೆಲ್ಲಗೆ ಗುಂಯ್ ಎನ್ನುತ್ತಿತ್ತು, ಗಂಟಲು ಕೆರೆಯುತ್ತಿತ್ತು. ಬಟ್ಟೆಯನ್ನು ಚೀಲದಲ್ಲಿಟ್ಟು ಓಝೋನ್ ಹಾಯಿಸುವ ಚಿಕ್ಕ ಯಂತ್ರಗಳು ಇದಕ್ಕಿಂತ ವಾಸಿ, ಆದರೆ ಎಲಾಸ್ಟಿಕ್ಕು ಮತ್ತು ರಬ್ಬರು ಬೇಗ ಬಿರುಕು ಬಿಡುತ್ತವೆ.

ಮಂಡಿಯವರೆಗಿನ ರಬ್ಬರ್ ಬೂಟು ಒಳ್ಳೆಯ ಹೂಡಿಕೆ, ಏಕೆಂದರೆ ನಾವು ನಡೆದ ದಾರಿಯನ್ನು ಜಿಂಕೆ ಗಂಟೆಗಳ ನಂತರವೂ ಮೂಸುತ್ತದೆ. ಅದೇ ಬೂಟಿನಲ್ಲಿ ಪೆಟ್ರೋಲ್ ಬಂಕಿಗೆ ಮಾತ್ರ ಇಳಿಯಬಾರದು. ನರಿಯ ಮೂತ್ರ ನಮ್ಮ ವಾಸನೆಯನ್ನು ಅಳಿಸುವುದಿಲ್ಲ, ತಾನೂ ಅದರ ಜೊತೆಗೆ ಸೇರಿಕೊಳ್ಳುತ್ತದೆ. ಜಿಂಕೆಗಳನ್ನು ಸೆಳೆಯಲೆಂದು ಮಾರುವ ಜಿಂಕೆಯ ಮೂತ್ರವನ್ನಂತೂ ಕೊಳ್ಳುವ ಮೊದಲು ಆಯಾ ರಾಜ್ಯದ ನಿಯಮವನ್ನು ಓದಲೇಬೇಕು: ಜಿಂಕೆಗಳನ್ನು ಸೊರಗಿಸಿ ಕೊಲ್ಲುವ, ಪ್ರಿಯಾನ್ ಎಂಬ ವಿಕೃತ ಪ್ರೋಟೀನುಗಳಿಂದ ಬರುವ ಸಿ.ಡಬ್ಲ್ಯು.ಡಿ. (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ರೋಗ ಹರಡೀತೆಂಬ ಕಾರಣಕ್ಕೆ ವರ್ಜೀನಿಯಾ 2015ರಲ್ಲಿ ಅದನ್ನು ನಿಷೇಧಿಸಿತು, ಬೇರೆ ಕೆಲವು ರಾಜ್ಯಗಳೂ ನಿರ್ಬಂಧಿಸಿವೆ.

ಇಡೀ ಸಾಲಿನಲ್ಲಿ ಅತಿ ಅಗ್ಗದ ವಸ್ತುವೇ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದೆ: ಒತ್ತಿದರೆ ವಾಸನೆಯಿಲ್ಲದ ಪುಡಿಯನ್ನು ಉಗುಳಿ ಗಾಳಿಯ ದಿಕ್ಕು ತೋರಿಸುವ ಕೆಲವೇ ಡಾಲರಿನ ಬಾಟಲಿ. ಅದರ ಕೊರತೆಯೆಂದರೆ ಪುಡಿ ಎರಡು ಮೂರು ಗಜದಾಚೆ ಕಾಣಿಸುವುದಿಲ್ಲ. ಇದಕ್ಕಿಂತ ಉತ್ತಮವಾದದ್ದು ಅಂಗಡಿಯಲ್ಲಿಲ್ಲ, ಹೊಲದ ಬದುವಿನಲ್ಲಿದೆ. ನಮ್ಮ ಎಕ್ಕದ ಕುಟುಂಬಕ್ಕೇ ಸೇರಿದ ಮಿಲ್ಕ್‌ವೀಡ್ ಗಿಡದ ಒಣಕಾಯಿಯಿಂದ ಒಂದು ಎಳೆ ಅರಳೆಯನ್ನು ಬಿಟ್ಟರೆ ಅದು ದೂರದವರೆಗೆ ಕಣ್ಣಿಗೆ ಕಾಣುವಂತೆ ತೇಲುತ್ತದೆ. ಬಿಸಿಲೇರುತ್ತಿದ್ದಂತೆ ಗಾಳಿ ಇಳಿಜಾರನ್ನು ಹತ್ತುವುದನ್ನೂ, ಸಂಜೆ ತಣ್ಣಗಾದಂತೆ ಹಳ್ಳದ ಕಡೆಗೆ ಜಾರುವುದನ್ನೂ, ಪಶ್ಚಿಮದ ಗಾಳಿಯೆಂದು ಮುನ್ಸೂಚನೆ ಹೇಳಿದ ದಿನವೇ ಒಂದು ದಿಣ್ಣೆಯ ಹಿಂದೆ ಅದು ಸುಳಿಯಾಗಿ ತಿರುಗುವುದನ್ನೂ ಆ ಅರಳೆ ತೋರಿಸಿಕೊಡುತ್ತದೆ. ಗಾಳಿ ತಿರುಗಿದ ದಿನ ಕೂತ ಮರದಲ್ಲೇ ಮರಸು ಕೂರುವುದಕ್ಕಿಂತ, ಅಂದರೆ ಅವಿತು ಕಾಯುವುದಕ್ಕಿಂತ, ಬೇರೆ ಮರಕ್ಕೆ ಹೋಗುವುದು ಮೇಲು, ಮತ್ತು ಅದಕ್ಕೆ ಬೇರೆ ಮರದಲ್ಲೂ ಒಂದು ಅಟ್ಟಣೆ ಇರಬೇಕಾಗುತ್ತದೆ. ಇದ್ದಿಲಿನ ಉಡುಪಿಗೆ ಕೊಡುವ ಹಣದಲ್ಲಿ ಏಣಿಸಮೇತ ಎರಡು ಅಟ್ಟಣೆಗಳು ಸಿಗುತ್ತವೆ. ಮೊದಲ ಹಂಗಾಮಿಗೆ ಸಾಮಾನು ಕೊಳ್ಳುವವರು ಒಂದನ್ನು ಪಶ್ಚಿಮದ ಗಾಳಿಗೂ ಇನ್ನೊಂದನ್ನು ಪೂರ್ವದ ಗಾಳಿಗೂ ಸರಿಹೊಂದುವಂತೆ ಕಟ್ಟಿಕೊಂಡು, ಉಳಿದ ಚಿಲ್ಲರೆಯಲ್ಲಿ ಸಾಬೂನು ತರಬಹುದು.