ಅಂಚೆ ಕಚೇರಿ ಆರ್‌ಡಿ: ಅಚಾನಕ್ ಖರ್ಚಿಗೆ ಆಗುತ್ತಾ?

ಬೈಕ್ ಇನ್ಶೂರೆನ್ಸ್, ಮಗಳ ಸ್ಕೂಲ್ ಫೀಸು, ಗೌರಿ ಹಬ್ಬದ ಸೀರೆ, ಮಧ್ಯೆ ಸುಟ್ಟುಹೋಗುವ ಮಿಕ್ಸಿ. ಇವು ಪ್ರತಿ ತಿಂಗಳು ಬರುವುದಿಲ್ಲ, ಬಂದರೆ ಒಟ್ಟಿಗೇ ಬರುತ್ತವೆ ಅಲ್ವಾ? ಅದಕ್ಕೇ ಅಂಚೆ ಕಚೇರಿಯಲ್ಲಿ ತಿಂಗಳಿಗೆ 1,500 ರೂಪಾಯಿಯ ಆರ್‌ಡಿ, ಅಂದರೆ ಪ್ರತಿ ತಿಂಗಳು ಒಂದೇ ಮೊತ್ತ ಕಟ್ಟುವ ಉಳಿತಾಯ, ಶುರು ಮಾಡಿದೆ. 100 ರೂಪಾಯಿಯಿಂದಲೂ ಕಟ್ಟಬಹುದು. ಕಂತು ತಪ್ಪಿದರೆ ನೂರಕ್ಕೆ ತಿಂಗಳಿಗೆ 1 ರೂಪಾಯಿ ದಂಡ, ಜಾಸ್ತಿ ಏನಲ್ಲ.

ತೊಂದರೆ ಇರುವುದು ಅವಧಿಯಲ್ಲಿ. 5 ವರ್ಷ ಕಟ್ಟಬೇಕು, 3 ವರ್ಷ ತುಂಬುವ ಮೊದಲು ಮುಚ್ಚಲು ಆಗುವುದಿಲ್ಲ, ಆಮೇಲೆ ಮುಚ್ಚಿದರೂ ಉಳಿತಾಯ ಖಾತೆಯ ಬಡ್ಡಿಯೇ ಗತಿ. 12 ಕಂತು ಕಟ್ಟಿದ ಮೇಲೆ ಅರ್ಧದವರೆಗೆ ಸಾಲ ಸಿಗುತ್ತದೆ, ಆದರೆ ನನ್ನದೇ ದುಡ್ಡಿಗೆ ನಾನು ಬಡ್ಡಿ ಕಟ್ಟಬೇಕು! ಫೀಸಿಗೆ ಬ್ಯಾಂಕಿನ 1 ವರ್ಷದ ಆರ್‌ಡಿ ಸಾಕು. ಮಿಕ್ಸಿಗೆ ಅಮ್ಮನ ಸಾಸಿವೆ ಡಬ್ಬಿಯೇ ವಾಸಿ, ಮೊನ್ನೆ ಅದರಲ್ಲೇ 850 ಸಿಕ್ಕಿತು.