ನಲವತ್ತು ಕಿಲೋಬಾಟ್‌ಗಳ ಜೊತೆ ಒಂದು ಸೆಮಿಸ್ಟರ್

ಕಿಲೋಬಾಟ್ ಕೊಳ್ಳುವುದಾದರೆ ಒಂದನ್ನು ಮಾತ್ರ ಕೊಳ್ಳಬೇಡಿ, ಗುಂಪನ್ನೇ ಕೊಳ್ಳಿ. 33 ಮಿಲಿಮೀಟರ್ ಅಗಲದ ಪುಟ್ಟ ರೋಬೋಟ್ ಅದು. ಚಕ್ರ ಇಲ್ಲ, ತಂತಿಯಂಥ ಮೂರು ಕಾಲು. ಮೊಬೈಲಿನಲ್ಲಿರುವಂಥ ಎರಡು ವೈಬ್ರೇಷನ್ ಮೋಟರ್ ನಡುಗಿದರೆ ಸೆಕೆಂಡಿಗೆ ಸುಮಾರು 1 ಸೆಂಟಿಮೀಟರ್ ಜರುಗುತ್ತದೆ, ಅಷ್ಟೇ. ಹೊಟ್ಟೆಯಡಿಯಿಂದ ಇನ್ಫ್ರಾರೆಡ್ ಬೆಳಕನ್ನು ಮೇಜಿನ ಮೇಲೆ ಚೆಲ್ಲುತ್ತದೆ. ಮೇಜಿಗೆ ಬಡಿದು ಬಂದ ಬೆಳಕೇ ಪಕ್ಕದ ರೋಬೋಟಿಗೆ ಮಾತು. ಬೆಳಕು ಎಷ್ಟು ಜೋರಾಗಿದೆ ಎನ್ನುವುದರಿಂದ ಪಕ್ಕದವ ಎಷ್ಟು ದೂರ ಇದ್ದಾನೆಂದು ಗೊತ್ತಾಗುತ್ತದೆ. ಯಾವ ದಿಕ್ಕಿನಲ್ಲಿ ಇದ್ದಾನೆ ಎಂದು ಗೊತ್ತಾಗುವುದಿಲ್ಲ.

ನಮ್ಮ ಲ್ಯಾಬಿನಲ್ಲಿ 40 ಇವೆ. ನಾನು ಮೊದಲು ಮಾಡಿದ ಪ್ರಯೋಗ ಸರಳ. ಒಂದು ರೋಬೋಟ್ 'ನಾನು 0' ಎನ್ನುತ್ತದೆ. ಅದನ್ನು ಕೇಳಿಸಿಕೊಂಡದ್ದು 1 ಆಗುತ್ತದೆ, ಅದರ ಪಕ್ಕದ್ದು 2. ಒಂದೊಂದು ಅಂಕಿಗೆ ರೋಬೋಟಿನ ದೀಪದಲ್ಲಿ ಒಂದೊಂದು ಬಣ್ಣ. ಭ್ರೂಣದಲ್ಲಿ ರಾಸಾಯನಿಕವೊಂದು ಹುಟ್ಟಿದ ಜಾಗದಿಂದ ದೂರ ಹೋದಂತೆ ತೆಳುವಾಗುತ್ತದಲ್ವಾ, ಜೀವಕೋಶಗಳು ಅದರಿಂದಲೇ ತಮ್ಮ ಜಾಗ ತಿಳಿದುಕೊಳ್ಳುತ್ತವೆ. ಇದೂ ಹಾಗೇ. ಮೇಜಿನ ಮೇಲೆ ಬಣ್ಣದ ಬಳೆಗಳು ಮೂಡಿದವು.

ಆಮೇಲೆ 0 ಅನ್ನು ಎತ್ತಿ ಇನ್ನೊಂದು ಮೂಲೆಗೆ ಇಟ್ಟೆ. ಹಳೇ ಬಳೆಗಳು ಅಲ್ಲೇ ಉಳಿದವು! ಹಳೆಯ ಸುದ್ದಿಯನ್ನು ಮರೆಯಲು ನಾನು ಹೇಳಿರಲೇ ಇಲ್ಲ. ಎರಡು ಸಾಲು ಕೋಡ್ ಸೇರಿಸಿದೆ. ಸ್ವಲ್ಪ ಹೊತ್ತು ಗಲಿಬಿಲಿ, ಆಮೇಲೆ ಹೊಸ ಮೂಲೆಯಿಂದ ಬಳೆಗಳು ತಾವಾಗಿಯೇ ಕಟ್ಟಿಕೊಂಡವು. ಗುಂಪಿಗೆ ನೆನಪಿನಷ್ಟೇ ಮರೆವೂ ಬೇಕು ಎಂದು ಯಾವ ಪಾಠದಲ್ಲೂ ನನಗೆ ಇಷ್ಟು ಚೆನ್ನಾಗಿ ಅರ್ಥವಾಗಿರಲಿಲ್ಲ.

2014ರಲ್ಲಿ ಹಾರ್ವರ್ಡ್‌ನಲ್ಲಿ ಮೈಕೆಲ್ ರೂಬೆನ್‌ಸ್ಟೈನ್, ರಾಧಿಕಾ ನಾಗ್ಪಾಲ್ ಮತ್ತವರ ಜೊತೆಗಾರರು ಇಂಥ 1,024 ರೋಬೋಟ್‌ಗಳಿಂದ ನಕ್ಷತ್ರದ ಆಕಾರ ಕಟ್ಟಿಸಿದರು. ಆಕಾರ ಕಟ್ಟುವುದಕ್ಕೆ ಹೆಚ್ಚುಕಡಿಮೆ 12 ಗಂಟೆ ಹಿಡಿಯುತ್ತಿತ್ತು. ಆ ತಾಳ್ಮೆ ನಿಮಗೂ ಬೇಕು. ಎರಡು ಮೋಟರ್ ಒಂದೇ ಥರ ನಡುಗುವುದಿಲ್ಲ, ಪ್ರತಿ ರೋಬೋಟಿಗೂ ಎಡ, ಬಲ, ನೇರ ಎಂದು ಬೇರೆ ಬೇರೆ ಅಂಕಿ ಹೊಂದಿಸಬೇಕು. ನನಗೆ ಎರಡು ದಿನ ಅದಕ್ಕೇ ಹೋಯಿತು. ಎತ್ತುವಾಗ ಕಾಲು ಬಗ್ಗಿಸಿದರೆ ಮತ್ತೆ ಮೊದಲಿಂದ.

ಬೇರೆ ಕೆಲಸಗಳು ಸಲೀಸು. ಮೇಲೆ ತೂಗುಹಾಕಿದ ಕಂಟ್ರೋಲರ್ 40ಕ್ಕೂ ಒಟ್ಟಿಗೆ ಪ್ರೋಗ್ರಾಂ ಕಳಿಸುತ್ತದೆ. ಎರಡು ಲೋಹದ ತಟ್ಟೆಗಳ ನಡುವೆ ಇಟ್ಟರೆ ಎಲ್ಲವೂ ಒಟ್ಟಿಗೆ ಚಾರ್ಜ್ ಆಗುತ್ತವೆ.

ಬೆಲೆ ಕೇಳುವವರಿಗೆ: ಒಂದು ರೋಬೋಟಿಗೆ ಎಲ್ಲರೂ ಹೇಳುವ 14 ಡಾಲರ್ ಬರೀ ಬಿಡಿಭಾಗಗಳ ಲೆಕ್ಕ, ಕೊಳ್ಳುವ ಬೆಲೆ ಅದಕ್ಕಿಂತ ಜಾಸ್ತಿ. ದುಡ್ಡು ಕಡಿಮೆ ಇದ್ದರೆ ಇನ್ನೊಂದು ಕಾಲೇಜಿನ ಜೊತೆ ಸೇರಿ ತಗೊಳ್ಳಿ. ಇಪ್ಪತ್ತು ರೋಬೋಟ್ ಆದರೂ ಇರಲಿ. ಮೇಜು ನುಣುಪಾಗಿರಲಿ, ಕಿಟಕಿಯ ಬಿಸಿಲು ಬೀಳದ ಕಡೆ ಹಾಕಿ.